ದೈವದ ಮುಂದೆ ಹೇಳಿದ ಮಾತನ್ನು ಅಣ್ಣನ ಮುಂದೆಯೂ ಹೇಳಬಹುದು

ಪ್ರಶ್ನೆ:
ಅಕ್ಕಾ, ನನಗೆ 41 ವರ್ಷ. ತವರು ಕಾಸರಗೋಡಿನ ಪೆರ್ಲದ ಹತ್ತಿರ, ಮದುವೆ ಮಾಡಿ ಕೊಟ್ಟದ್ದು ಮುಳ್ಳೇರಿಯ ಕಡೆಗೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅವರ ಹೆಸರಿನಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಮತ್ತು ಹಳೆಯ ಮನೆ ಇದೆ, ಮನೆಯ ಹಿಂದೆ ನಮ್ಮ ಕುಟುಂಬದ ದೈವದ ಗುಡಿ ಇದೆ. ಉಯಿಲು ಬರೆದಿಟ್ಟಿಲ್ಲ. ಈಗ ಅಣ್ಣ ನನ್ನಿಂದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಲು ಹೊರಟಿದ್ದಾನೆ. ಪತ್ರ ಮಲಯಾಳದಲ್ಲಿದೆ. ನಾನು ಓದಿದ್ದು ಕನ್ನಡ ಮೀಡಿಯಂ, ಬಸ್ಸಿನ ಬೋರ್ಡ್ ಓದುವಷ್ಟು ಮಲಯಾಳ ಬರುತ್ತದೆ, ಅಷ್ಟೇ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು. 'ದೈವ ಇರುವ ಜಾಗ ಅದು. ಮದುವೆಯಾಗಿ ಹೋದವಳು ಪಾಲು ಕೇಳಿದರೆ ದೋಷ ಬರುತ್ತದೆ, ನಿನ್ನ ಮಕ್ಕಳಿಗೇ ತಟ್ಟುತ್ತದೆ' ಎಂದ. ಅಮ್ಮ ಅವನ ಜೊತೆಗೇ ಇದ್ದಾರೆ, ಸುಮ್ಮನೆ ಸಹಿ ಹಾಕು ಅನ್ನುತ್ತಾರೆ. ಗಂಡ 'ನಿನ್ನ ತವರಿನ ವಿಷಯ, ನೀನೇ ನೋಡಿಕೋ' ಅನ್ನುತ್ತಾರೆ. ನಾನು ದೇವರನ್ನು ನಂಬಿದವಳು. ತಿಂಗಳಿಗೊಮ್ಮೆಯಾದರೂ ಮಧೂರು ದೇವಸ್ಥಾನಕ್ಕೆ ಹೋಗುತ್ತೇನೆ. ಎಲ್ಲವನ್ನೂ ದೇವರಿಗೆ ಬಿಟ್ಟು ಸುಮ್ಮನಿರುವುದೇ ಭಕ್ತಿಯಾ? ಎದುರು ಮಾತಾಡಿದರೆ ನಂಬಿಕೆ ಕಡಿಮೆ ಇದೆ ಅಂತಾಗುತ್ತದಾ? ಅಣ್ಣನ ಎದುರು ನಿಂತರೆ ನನ್ನ ಗಂಟಲೇ ಕಟ್ಟುತ್ತದೆ. ಧೈರ್ಯ ಎಲ್ಲಿಂದ ತರಲಿ?

ಉತ್ತರ:
ತಂಗೀ, ನಿಮ್ಮ ಪತ್ರ ಉದ್ದವಿತ್ತು, ಚಿಕ್ಕದು ಮಾಡಿ ಹಾಕಿದ್ದೇನೆ. ಚಿಕ್ಕದು ಮಾಡುವಾಗ ಒಂದು ಲೆಕ್ಕ ಹಾಕಿದೆ. 'ಅಣ್ಣನಿಗೆ ಬೇಸರ ಆಗಬಾರದು' ಎಂದು ಏಳು ಸಲ ಬರೆದಿದ್ದೀರಿ. 'ನನಗೆ ಬೇಸರವಾಯಿತು' ಎಂದು ಒಂದು ಸಲವೂ ಇಲ್ಲ. ಇದನ್ನು ತಪ್ಪು ಹುಡುಕಲು ಹೇಳುತ್ತಿಲ್ಲ, ಇಪ್ಪತ್ತು ವರ್ಷದಿಂದ ಕೌನ್ಸೆಲಿಂಗ್ ಮಾಡುತ್ತಿರುವ ನನ್ನ ಮುಂದೆ ಬಂದು ಕೂತ ಎಷ್ಟೋ ಹೆಂಗಸರ ಮಾತಿನಲ್ಲಿ ಇದೇ ಲೆಕ್ಕ ಸಿಗುತ್ತದೆ, ನನ್ನದೇ ಹಳೆಯ ಡೈರಿಯಲ್ಲೂ ಸಿಗುತ್ತದೆ.

ನೀವು ಧೈರ್ಯದ ಬಗ್ಗೆ ಕೇಳಿದ್ದೀರಿ, ಆದರೆ ಮೊದಲು ಆ ದೋಷದ ಮಾತನ್ನು ಮುಗಿಸೋಣ. ಅದು ತಲೆಯಲ್ಲಿ ಕೂತಿರುವವರೆಗೆ ಬೇರೆ ಯಾವ ಮಾತೂ ಒಳಗೆ ಹೋಗುವುದಿಲ್ಲ. ಮಕ್ಕಳಿಗೆ ತಟ್ಟುತ್ತದೆ ಎಂದರೆ ಯಾವ ತಾಯಿ ಹೆದರುವುದಿಲ್ಲ ಹೇಳಿ. ಅಣ್ಣನಿಗೆ ಅದು ಚೆನ್ನಾಗಿ ಗೊತ್ತು. ಅವನು ಕೆಟ್ಟವನು ಎನ್ನುತ್ತಿಲ್ಲ, ಅವನೂ ಅದನ್ನು ನಂಬಿರಬಹುದು. ಆದರೆ ನಡೆದದ್ದೇನು ನೋಡಿ. ಮಾತಾಡಿದ್ದು ಅಣ್ಣ. ದೈವ ಮಾತಾಡಿಲ್ಲ. ದೈವಕ್ಕೆ ನಡೆಸುವ ಕೋಲದಲ್ಲಿ ನುಡಿ ಆಗಲಿಲ್ಲ, ವರ್ಷದ ಪೂಜೆಯಾದ ತಂಬಿಲದಲ್ಲಿ ಯಾರ ಮೈಮೇಲೂ ದರ್ಶನ ಬರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅಣ್ಣ ಹೇಳಿದ್ದು, ಅದೂ ನೀವು ಪತ್ರದಲ್ಲಿ ಏನಿದೆ ಎಂದು ಕೇಳಿದ ಮೇಲೆ.

ನಿಮ್ಮದು ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಕುಟುಂಬವೋ ಅಪ್ಪನಿಂದ ಮಕ್ಕಳಿಗೆ ಇಳಿಯುವ ಮಕ್ಕಳಕಟ್ಟಿನದೋ ನೀವು ಬರೆದಿಲ್ಲ. ಯಾವುದೇ ಆಗಲಿ, ಈ ಕಥೆ ಕೇಳಿರುತ್ತೀರಿ. ಅರಸನ ಹಡಗುಗಳನ್ನು ನೀರಿಗೆ ಇಳಿಸಬೇಕಿತ್ತು, ಕುಂಡೋದರ ಎಂಬ ಭೂತ ನರಬಲಿ ಕೇಳಿತು. ಅರಸನ ಹೆಂಡತಿ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು. ಭೂತ ಆ ಹುಡುಗನನ್ನು ಬಲಿ ತೆಗೆದುಕೊಳ್ಳದೆ ಉಳಿಸಿತು, ಇನ್ನು ಮುಂದೆ ಆಸ್ತಿ ತಂಗಿಯ ಸಂತಾನಕ್ಕೆ ಹೋಗಲಿ ಎಂದಿತು. ಆ ಹುಡುಗನೇ ಭೂತಾಳ ಪಾಂಡ್ಯ. ಅಳಿಯಕಟ್ಟು ಶುರುವಾದದ್ದು ಹೀಗೆ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇದು ಚರಿತ್ರೆಯೋ ಕಟ್ಟುಕಥೆಯೋ ಎನ್ನುವ ಜಗಳ ನನಗೆ ಬೇಡ. ಈ ಮಣ್ಣಿನಲ್ಲಿ ನೂರಾರು ವರ್ಷ ಎಷ್ಟೋ ತರವಾಡು (ಕುಟುಂಬದ ಮೂಲ) ಮನೆಗಳ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬಂದದ್ದಂತೂ ನಿಜ. ಆ ಮನೆಗಳ ಹಿಂದೆಯೂ ದೈವದ ಗುಡಿ ಇತ್ತು. ಆಗ ಮುನಿಯದ ದೈವ ಈಗ ನಿಮ್ಮ ಮೇಲೆ ಮುನಿಯುತ್ತದಾ?

ಇನ್ನೊಂದು ಕೇಳಿ. ನಾವು ಕೈ ಮುಗಿಯುವ ದೈವಗಳು ಯಾರು? ಕಲ್ಕುಡ ಕಲ್ಲುರ್ಟಿಯ ಪಾಡ್ದನ, ಅಂದರೆ ದೈವದ ಕಥೆ ಹೇಳುವ ಆ ತುಳು ಹಾಡು, ನೆನಪಿದೆಯಾ? ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅದನ್ನು ಕೆತ್ತಿದ ಕಲ್ಕುಡನಿಗೆ ಬೈರರಸ ಕೊಟ್ಟ ಸಂಬಳ ಏನು? ಇಂಥದ್ದು ಇನ್ನೊಂದು ಕಡೆ ಆಗಬಾರದು ಎಂದು ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ವೇಣೂರಿಗೆ ಹೋಗಿ ಉಳಿದ ಒಂದೇ ಕೈಯಲ್ಲಿ ಇನ್ನೊಂದು ಗೊಮ್ಮಟ ಎಬ್ಬಿಸಿದ ಎನ್ನುತ್ತದೆ ಪಾಡ್ದನ. (ವೇಣೂರಿನದು 1604ರದ್ದು. ಲೆಕ್ಕ ಹಾಕಬೇಡಿ, ಪಾಡ್ದನಕ್ಕೆ ಇಸವಿಯ ಹಂಗಿಲ್ಲ.) ಅವನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಆ ಕೈಕಾಲು ನೋಡಿ 'ನಮ್ಮ ಹಣೆಬರಹ, ಅರಸನ ಎದುರು ಮಾತಾಡುವುದು ಬೇಡ' ಎಂದಳಾ? ಅಣ್ಣ ತಂಗಿ ಇಬ್ಬರೂ ಮಾಯವಾಗಿ, ದೈವವಾಗಿ, ಅರಸ ತಪ್ಪು ಒಪ್ಪಿಕೊಳ್ಳುವವರೆಗೆ ಅವನಿಗೆ ನಿದ್ದೆ ಕೊಡಲಿಲ್ಲ.

ಕೊರಗಜ್ಜನೂ ಹಾಗೇ. ದೇವಸ್ಥಾನಕ್ಕೆ ಹೊರೆ ಹೊತ್ತು ತಂದ ತನಿಯನನ್ನು (ದೈವವಾಗುವ ಮೊದಲು ಅಜ್ಜನ ಹೆಸರು ಅದು) ಹೊರಗೆ ನಿಲ್ಲು ಎಂದರು. ನಾನು ಹೊತ್ತದ್ದು ಒಳಗೆ ಹೋಗುತ್ತದೆ, ನಾನು ಯಾಕೆ ಹೋಗಬಾರದು ಎಂದು ಅವನು ಕೇಳಿದ. ಇವತ್ತು ನಾವು ವೀಳ್ಯ, ಚಕ್ಕುಲಿ, ಕಳ್ಳು ಇಟ್ಟು ಕೈ ಮುಗಿಯುವುದು ಆ ಪ್ರಶ್ನೆ ಕೇಳಿದವನಿಗೆ. ಅನ್ಯಾಯ ಆದವರು, ಅದನ್ನು ಬಾಯಿಬಿಟ್ಟು ಹೇಳಿದವರು, ಅವರೇ ನಮ್ಮಲ್ಲಿ ದೈವವಾದದ್ದು ಜಾಸ್ತಿ. ತುಳುವಿನಲ್ಲಿ ದೈವಗಳನ್ನು 'ಸತ್ಯೊಲು' ಎಂದೇ ಕರೆಯುತ್ತಾರೆ ಅಲ್ವಾ. ಅಂಥವರ ಗುಡಿಯ ಪಕ್ಕದಲ್ಲಿ ನಿಂತು ನಿಮಗೆ ಒಂದು ಕಾಗದ ಓದಿ ಹೇಳು ಎನ್ನಲು ಹೆದರಿಕೆ. ಹೆದರಿಕೆ ಅರ್ಥವಾಗುತ್ತದೆ. ಅದನ್ನು ಭಕ್ತಿ ಎಂದು ಕರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ನನ್ನ ಅಜ್ಜಿಯ ವಿಷಯ ಹೇಳುತ್ತೇನೆ. ನನಗಾಗ ಹತ್ತೋ ಹನ್ನೊಂದೋ. ಪಕ್ಕದ ತೋಟದವರು ಗಡಿಕಲ್ಲು ಸರಿಸಿದ್ದರು, ಒಂದು ಸಾಲು ಅಡಿಕೆ ಮರ ಆಚೆ ಹೋಗಿತ್ತು. ಅಜ್ಜ ಇರಲಿಲ್ಲ. ಮಾವಂದಿರು ಮುಂಬೈಯಲ್ಲಿ. ಅಜ್ಜಿ ಯಾರ ಹತ್ತಿರವೂ ಜೋರಾಗಿ ಮಾತಾಡಿದವರಲ್ಲ, ಹಾಲಿನವನಿಗೂ 'ನೀವು' ಎನ್ನುತ್ತಿದ್ದರು. ಆ ವರ್ಷದ ತಂಬಿಲಕ್ಕೆ ಪಕ್ಕದ ಮನೆಯವರೂ ಬಂದಿದ್ದರು, ಬರುವುದು ರೂಢಿ. ಪೂಜೆ ಮುಗಿದು ಎಲ್ಲರೂ ಕೈ ಮುಗಿದು ನಿಂತಿದ್ದಾಗ ಅಜ್ಜಿ ವೀಳ್ಯದೆಲೆಯ ಮೇಲೆ ಒಂದು ಅಡಿಕೆ ಇಟ್ಟುಕೊಂಡು ಮುಂದೆ ಬಂದರು. ಕೈ ನಡುಗುತ್ತಿತ್ತು. ಎಲೆಯ ಮೇಲೆ ಅಡಿಕೆ ಉರುಳಿ ಉರುಳಿ ಅಂಚಿಗೆ ಬರುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿದ್ದೇ ಬೀಳುತ್ತದೆ ಎಂದು ನಾನು ಕೈ ಒಡ್ಡಿದ್ದೆ. ಬೀಳಲಿಲ್ಲ. ಅಜ್ಜಿ ತುಳುವಿನಲ್ಲಿ ಹೇಳಿದರು: 'ಸತ್ಯೊಲೇ, ಕಲ್ಲು ಎಲ್ಲಿತ್ತು ಎಂದು ನಿಮಗೆ ಗೊತ್ತಿದೆ. ನನಗೂ ಗೊತ್ತಿದೆ. ಇಲ್ಲಿ ನಿಂತ ಇನ್ನೊಬ್ಬರಿಗೂ ಗೊತ್ತಿದೆ. ನನ್ನದು ಎಷ್ಟೋ ಅಷ್ಟು ನನಗೆ ಸಾಕು.' ಅಷ್ಟೇ. ಯಾರ ಹೆಸರೂ ಹೇಳಲಿಲ್ಲ, ಶಾಪ ಹಾಕಲಿಲ್ಲ, ಅಳಲಿಲ್ಲ.

ಕಲ್ಲು ಮರುದಿನ ವಾಪಸ್ ಬಂತಾ? ಇಲ್ಲ. ಸರ್ವೆಯವರು ಬಂದು ಚೈನ್ ಎಳೆದು ಅಳತೆ ಮಾಡಬೇಕಾಯಿತು, ಅದಕ್ಕೆ ಎರಡು ವರ್ಷ ಹಿಡಿಯಿತು. ಆದರೆ ಆ ಎರಡು ವರ್ಷ ವಿಲ್ಲೇಜ್ ಆಫೀಸಿಗೆ ತೀರ್ವೆ (ಭೂಕಂದಾಯ) ರಶೀದಿ ಹಿಡಿದುಕೊಂಡು ನಡೆದದ್ದು ಅದೇ ಅಜ್ಜಿ. ಸರ್ವೆಗೆ ಅರ್ಜಿ ಬರೆಸಿದ್ದು ಅವರೇ. ದೈವದ ಮುಂದೆ ಒಮ್ಮೆ ಬಾಯಿಂದ ಹೊರಬಿದ್ದ ಮಾತು ಮತ್ತೆ ಒಳಗೆ ಹೋಗಲಿಲ್ಲ. ಅಷ್ಟು ದೊಡ್ಡವರ ಮುಂದೆ ಹೇಳಿದ್ದೇನೆ, ಇನ್ನು ಈ ಕ್ಲರ್ಕಿನ ಮುಂದೆ ಹೇಳಲು ಏನು ಎಂದು ಅವರೇ ಒಮ್ಮೆ ನಗುತ್ತಾ ಹೇಳಿದ್ದರು.

ಈಗ ನಿಮ್ಮ ಪ್ರಶ್ನೆ: ದೇವರಿಗೆ ಬಿಟ್ಟು ಸುಮ್ಮನಿರುವುದು ಭಕ್ತಿಯಾ? ಕೆನೆತ್ ಪಾರ್ಗಮೆಂಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1988ರಲ್ಲಿ ತಮ್ಮ ಜೊತೆಯವರೊಂದಿಗೆ ಇದನ್ನೇ ನೋಡಿದ್ದರು. ಚರ್ಚಿಗೆ ಹೋಗುವ ಜನ ಕಷ್ಟ ಬಂದಾಗ ದೇವರನ್ನು ಹೇಗೆ ಜೊತೆಗೆ ಇಟ್ಟುಕೊಳ್ಳುತ್ತಾರೆ ಎಂದು. ಅವರಿಗೆ ಮೂರು ಥರದವರು ಕಂಡರು. ಒಂದು, ದೇವರು ಬುದ್ಧಿ ಕೊಟ್ಟಿದ್ದಾನೆ, ಇನ್ನು ನನ್ನ ಕೆಲಸ ನಾನೇ ಮಾಡುತ್ತೇನೆ ಎನ್ನುವವರು. ಎರಡು, ಎಲ್ಲ ಅವನಿಗೆ ಬಿಟ್ಟಿದ್ದೇನೆ, ಅವನೇ ದಾರಿ ತೋರಿಸಲಿ ಎಂದು ಕಾಯುವವರು. ಮೂರು, ನಾನು ಮತ್ತು ದೇವರು ಸೇರಿ ಮಾಡುತ್ತೇವೆ ಎನ್ನುವವರು. ಬರೀ ಕಾಯುವವರಿಗೆ ತಮ್ಮ ಕೈಯಲ್ಲಿ ಏನೂ ಆಗುವುದಿಲ್ಲ ಎನ್ನುವ ಭಾವನೆ ಹೆಚ್ಚು ಇತ್ತು. ಸೇರಿ ಮಾಡುವವರಿಗೆ ತಮ್ಮ ಮೇಲೆ ಭರವಸೆ ಜಾಸ್ತಿ ಇತ್ತು. ಎಲ್ಲ ಕಡೆಗೂ ಕಾಯುವುದು ತಪ್ಪು ಎಂದೇನಿಲ್ಲ, ಆಪರೇಷನ್ ಥಿಯೇಟರ್ ಹೊರಗೆ ಕೂತಾಗ ಕಾಯುವುದು ಬಿಟ್ಟು ಬೇರೆ ಏನು ಮಾಡಲು ಆಗುತ್ತದೆ. ಆದರೆ ಸಹಿ ನಿಮ್ಮದು, ಕೈ ನಿಮ್ಮದು. ಅಲ್ಲಿ ಕಾಯುವುದಕ್ಕೆ ಏನೂ ಇಲ್ಲ.

ನಾನು ಆ ಎರಡನೇ ಥರದವಳಾಗಿ ಎರಡು ವರ್ಷ ಕಳೆದಿದ್ದೇನೆ. ಹಳೆಯ ಮಾತು, ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ರಿಜಿಸ್ಟರಿನಲ್ಲಿ ಒಂದು ಸಂಬಳ, ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪ್ರತಿ ತಿಂಗಳೂ ಪೂರ್ತಿ ಮೊತ್ತದ ಎದುರು ಸಹಿ ಹಾಕುತ್ತಿದ್ದೆ, ಸಂಜೆ ದೀಪ ಹಚ್ಚಿ 'ದೇವರೇ, ಅವರಿಗೆ ಒಳ್ಳೆಯ ಬುದ್ಧಿ ಕೊಡು' ಎನ್ನುತ್ತಿದ್ದೆ. ಎರಡು ವರ್ಷ ಅವರಿಗೆ ಬುದ್ಧಿ ಬರಲಿಲ್ಲ. ಬರುವುದು ಯಾಕೆ, ಅವರಿಗೆ ಅದರಿಂದ ಕಷ್ಟ ಇರಲಿಲ್ಲವಲ್ಲ. ಒಂದು ದಿನ ದೀಪದ ಮುಂದೆ ಕೂತಾಗ ಹೊಳೆಯಿತು, ನಾನು ಬೇರೆಯವರ ಬುದ್ಧಿಯನ್ನು ಬೇಡುತ್ತಿದ್ದೇನೆ, ನನಗೆ ಬಾಯಿ ಕೊಡು ಎಂದು ಕೇಳಿಯೇ ಇಲ್ಲ. ಅವತ್ತಿನಿಂದ ಬೇಡುವುದನ್ನು ಬದಲಿಸಿದೆ. 'ನಾಡಿದ್ದು ರಿಜಿಸ್ಟರ್ ಮುಂದೆ ಬಂದಾಗ ಒಂದು ವಾಕ್ಯ ಹೇಳುವಷ್ಟು ಉಸಿರು ಕೊಡು.'

ಹೇಳಿದೆ. 'ಎಷ್ಟು ಸಿಕ್ಕಿದೆಯೋ ಅಷ್ಟನ್ನೇ ಬರೆದು ಸಹಿ ಹಾಕುತ್ತೇನೆ ಸರ್.' ಧ್ವನಿ ಕೀರಲಾಗಿ ಬಂತು, ನನಗೇ ನಾಚಿಕೆಯಾಗುವ ಹಾಗೆ. ಪೆನ್ನಿನ ಶಾಯಿ ಬೆರಳಿಗೆ ಹತ್ತಿತ್ತು. ಮಾರ್ಚ್ ಮುಗಿದ ಮೇಲೆ ಕೆಲಸ ಹೋಯಿತು, ಒಂದು ವರ್ಷ ಟ್ಯೂಷನ್ ಹೇಳಿಕೊಟ್ಟು ಕಳೆದೆ, ಕಷ್ಟವಾಯಿತು. ಇದನ್ನು ಯಾಕೆ ಹೇಳುತ್ತೇನೆ ಎಂದರೆ ನಂಬಿಕೆ ಇಟ್ಟು ಎದ್ದು ನಿಂತರೆ ಎಲ್ಲ ಸರಿಯಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ. ನಷ್ಟ ಆಗಬಹುದು. ನನಗೆ ಆಯಿತು. ಆದರೆ ಆಮೇಲೆ ಸಂಜೆ ದೀಪದ ಮುಂದೆ ಕೂರಲು ಸಂಕೋಚವಾಗಲಿಲ್ಲ. ಮೊದಲು ಆಗುತ್ತಿತ್ತು, ತಿಂಗಳಿಗೊಂದು ಸುಳ್ಳು ಸಹಿ ಹಾಕಿ ಬಂದು ಕೂರುತ್ತಿದ್ದೆನಲ್ಲ.

ಹೆದರಿಕೆಯನ್ನು ಪೂರ್ತಿ ಓಡಿಸಿ ಆಮೇಲೆ ಮಾತಾಡುತ್ತೇನೆ ಎಂದು ಕೂತರೆ ನೀವು ಎಂಬತ್ತರ ಅಜ್ಜಿಯಾದರೂ ಮಾತಾಡುವುದಿಲ್ಲ. ಅದು ಹೋಗುವುದು ಮಾತಾಡಿದ ಮೇಲೆ, ಅದೂ ಸ್ವಲ್ಪ ಸ್ವಲ್ಪವೇ. ಜೋಸೆಫ್ ವೋಲ್ಪೆ ಎಂಬ ದಕ್ಷಿಣ ಆಫ್ರಿಕಾದ ಮನೋವೈದ್ಯರು 1950ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿದ್ದರು. ಹೆದರಿಕೆಯ ಮೆಟ್ಟಿಲುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಒಂದೊಂದೇ ಹತ್ತಿಸುವುದು. ನಾವು ಈಗಲೂ ಮಾಡುವುದು ಹೆಚ್ಚು ಕಡಿಮೆ ಅದನ್ನೇ. ನಿಮಗೆ ಮೆಟ್ಟಿಲು ಜೋಡಿಸಲು ನಂಬಿಕೆಯೇ ಸಾಕು.

ಹೇಗೆ ಎಂದರೆ, ಮೊದಲ ಮೆಟ್ಟಿಲು ದೇವರ ಮುಂದೆ. ಮನಸ್ಸಿನಲ್ಲಿ ಹೇಳುವುದು ಬೇಡ, ಬಾಯಿಂದ ಶಬ್ದ ಹೊರಗೆ ಬರಬೇಕು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ದೀಪ ಹಚ್ಚಿ ಹೇಳಿ: 'ಅಪ್ಪನ ಜಾಗದಲ್ಲಿ ನನ್ನ ಪಾಲು ಎಷ್ಟೋ ಅಷ್ಟು ನನಗೆ ಬೇಕು. ಒಂದು ಸೆಂಟ್ಸ್ ಜಾಸ್ತಿ ಬೇಡ, ಒಂದು ಸೆಂಟ್ಸ್ ಕಡಿಮೆಯೂ ಬೇಡ.' ಮೊದಲ ಸಲ ಗಂಟಲು ಕಟ್ಟುತ್ತದೆ, ಅಳು ಬರಬಹುದು, ಬರಲಿ ಬಿಡಿ. ನಾಲ್ಕೈದು ದಿನ ಹೇಳಿ. ಇದರಲ್ಲಿ ಇನ್ನೊಂದು ಲಾಭ ಇದೆ. ನೀವು ಕೇಳುವುದರಲ್ಲಿ ಏನಾದರೂ ಅತಿಯಾಸೆ ಇದ್ದರೆ, ಅತ್ತಿಗೆಯ ಮೇಲಿನ ಹಳೆಯ ಸಿಟ್ಟು ಬೆರೆತಿದ್ದರೆ, ಅಲ್ಲೇ ಮಾತು ತಡವರಿಸುತ್ತದೆ. ದೇವರ ಮುಂದೆ ನೆಟ್ಟಗೆ ಹೇಳಲು ಬರುವ ವಾಕ್ಯ ನ್ಯಾಯದ ವಾಕ್ಯ. ಅದನ್ನು ಹಾಗೇ ಇಟ್ಟುಕೊಳ್ಳಿ, ಅಲಂಕಾರ ಬೇಡ.

ಆಮೇಲೆ ಒಬ್ಬ ಮನುಷ್ಯರ ಮುಂದೆ ಹೇಳಿ. ಕುಟುಂಬಶ್ರೀ ಮಹಿಳಾ ಗುಂಪಿನಲ್ಲಿ ನಿಮಗೆ ಆಪ್ತರಾದವರು ಇರಬಹುದು, ಶಾಲೆಯ ಹಳೆಯ ಗೆಳತಿ ಇರಬಹುದು. ಗಂಡನಿಗೂ ಒಮ್ಮೆ ಹೇಳಿ ನೋಡಿ, 'ನೀವು ಮಾತಾಡುವುದು ಬೇಡ, ಜೊತೆಗೆ ಬಂದು ಕೂತರೆ ಸಾಕು' ಎಂದು. ಎಷ್ಟೋ ಗಂಡಸರು 'ನೀನೇ ನೋಡಿಕೋ' ಎನ್ನುವುದು ಹೆಂಡತಿಯ ಆಸ್ತಿಗೆ ಕಣ್ಣು ಹಾಕಿದ ಅನ್ನಿಸಿಕೊಳ್ಳಬಾರದು ಎಂದು. ಎಲ್ಲರೂ ಅಲ್ಲ. ನಿಮ್ಮವರು ಯಾವ ಥರ ಎಂದು ನಿಮಗೆ ಗೊತ್ತು.

ಕೊನೆಗೆ ಅಣ್ಣ. ಮಳೆಗಾಲದಲ್ಲಿ ನಮ್ಮ ಕಡೆ ಊರೂರಿನಲ್ಲಿ ವೇಷ ಹಾಕದೆ ಕೂತು ಅರ್ಥ ಹೇಳುವ ತಾಳಮದ್ದಳೆ ಇರುತ್ತದಲ್ಲ, ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದ್ರೌಪದಿಯ ಪ್ರಸಂಗ ಇದ್ದರೆ ಈ ಸಲ ಗಮನ ಕೊಟ್ಟು ಕೇಳಿ. ಎಲ್ಲರಿಗೂ ನೆನಪಿರುವುದು ಅವಳು ಕೃಷ್ಣನನ್ನು ಕರೆದದ್ದು, ಸೀರೆ ಬಂದದ್ದು. ಅದಕ್ಕೂ ಮೊದಲು ಅವಳು ಮಾಡಿದ ಕೆಲಸ ಒಂದಿದೆ. ಕರೆಯಲು ಬಂದವನನ್ನು ವಾಪಸ್ ಕಳಿಸಿ ಒಂದು ಪ್ರಶ್ನೆ ಕೇಳಿದಳು. ಧರ್ಮರಾಯ ಮೊದಲು ತನ್ನನ್ನು ಸೋತನಾ, ನನ್ನನ್ನಾ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು? ಭೀಷ್ಮನಿಗೂ ಉತ್ತರ ಹೇಳಲು ಆಗಲಿಲ್ಲ. ಅವಳಿಗಿಂತ ದೊಡ್ಡ ಭಕ್ತೆ ಯಾರು? ಅವಳು ಮೊದಲು ಕೇಳಿದ್ದು ಕಾನೂನಿನ ಪ್ರಶ್ನೆ. ಸೀರೆ ಬಂದದ್ದು ಆಮೇಲೆ.

ನಿಮ್ಮ ಪ್ರಶ್ನೆ ಅಷ್ಟು ದೊಡ್ಡದಲ್ಲ. 'ಅಣ್ಣ, ಇದರಲ್ಲಿ ಏನಿದೆ ಎಂದು ನನಗೆ ಕನ್ನಡದಲ್ಲಿ ಗೊತ್ತಾಗಬೇಕು. ಕಾಪಿ ಕೊಡು, ಓದಿಸಿಕೊಂಡು ಹೇಳುತ್ತೇನೆ. ಎರಡು ವಾರ ಬೇಕು.' ಅವನು 'ಎಂತ ಮಾರಾಯ್ತಿ, ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ' ಅನ್ನುತ್ತಾನೆ. ಖಂಡಿತ ಅನ್ನುತ್ತಾನೆ, ಎಲ್ಲ ಅಣ್ಣಂದಿರೂ ಅನ್ನುವುದು ಅದನ್ನೇ. ನಂಬಿಕೆ ಇದೆಯೋ ಇಲ್ಲವೋ ಎಂಬ ವಾದಕ್ಕೆ ಹೋಗಬೇಡಿ, ಅಲ್ಲಿ ನೀವು ಸೋಲುತ್ತೀರಿ. 'ಇದೆ ಅಣ್ಣ. ಕಾಪಿ ಕೊಡು' ಎನ್ನಿ. ಅವನು ಅಮ್ಮನ ಹೆಸರು ತೆಗೆದರೆ 'ಸರಿ ಅಣ್ಣ, ಕಾಪಿ ಕೊಡು'. ದೋಷದ ಮಾತು ತೆಗೆದರೆ 'ದೈವದ ಹತ್ತಿರ ನಾನು ಹೇಳಿಕೊಂಡಿದ್ದೇನೆ. ಕಾಪಿ ಕೊಡು'. ಒಂದೇ ಮಾತು, ಒಂದೇ ಧ್ವನಿ, ಜೋರು ಬೇಡ. ಕೂತುಕೊಂಡು ಮಾತಾಡಿ, ನಿಂತರೆ ಕಾಲು ನಡುಗುವುದು ಗೊತ್ತಾಗುತ್ತದೆ. ಮಧೂರಿನ ಪ್ರಸಾದ ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ, ಬೇಕಾದರೆ ಕೈಯಲ್ಲಿ ಹಿಡಿದುಕೊಳ್ಳಿ. ಸಹೋದ್ಯೋಗಿಗಳು ಇದಕ್ಕೆ ನಗಬಹುದು, ನಾನು ಮಾತ್ರ ಇದರಿಂದ ಉಪಕಾರ ಆದದ್ದನ್ನು ಕಣ್ಣಾರೆ ನೋಡಿದ್ದೇನೆ.

ಕಾನೂನಿನ ಮಾತು ಸ್ವಲ್ಪ. ನಾನು ವಕೀಲೆಯಲ್ಲ, ಆದರೆ ಇಷ್ಟು ಗೊತ್ತಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿ ಹೆಂಡತಿ, ಮಗ, ಮಗಳು, ತಾಯಿ ಇವರಿಗೆಲ್ಲ ಸಮ. ನಿಮ್ಮ ಅಪ್ಪನ ತಾಯಿ ಇಲ್ಲ ಎಂದಾದರೆ ಅಮ್ಮನಿಗೆ ಒಂದು, ಅಣ್ಣನಿಗೆ ಒಂದು, ನಿಮಗೆ ಒಂದು. ಮದುವೆಯಾದರೆ ಅದು ಹೋಗುವುದಿಲ್ಲ. ಜಾಗ ಹಿಂದಿನಿಂದ ಬಂದ ಕುಟುಂಬದ ಆಸ್ತಿಯಾಗಿದ್ದರೆ ಲೆಕ್ಕ ಬೇರೆಯಾಗಬಹುದು, ಅದಕ್ಕೆ ಹಳೆಯ ಕಾಗದಗಳನ್ನು ವಕೀಲರಿಗೆ ತೋರಿಸಲೇಬೇಕು. ವಕೀಲರಿಗೆ ದುಡ್ಡೆಲ್ಲಿ ಎನ್ನಬೇಡಿ, 1987ರ ಕಾನೂನು ಸೇವಾ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಸರಕಾರಿ ಕಚೇರಿಗೆ ಅರ್ಜಿ ಕೊಡುವುದಿದ್ದರೆ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ನಮ್ಮಂಥ ಕನ್ನಡದವರಿಗೆ ಆ ಅವಕಾಶ ಇದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ಬರುತ್ತದಾ ಎಂದು ಕೇಳಬೇಡಿ, ಕೇಳುವವರು ಇದ್ದರೆ ಬರುತ್ತದೆ. ಇನ್ನೊಂದು, ಸಬ್ ರಿಜಿಸ್ಟ್ರಾರ್ ಮುಂದೆ ಹೋಗಿ ಕೂತ ಮೇಲೂ 'ಇದು ನಾನು ಮಾಡಿಕೊಟ್ಟ ಪತ್ರವಲ್ಲ' ಎಂದರೆ ಅವರು ನಿಮ್ಮ ಮಟ್ಟಿಗೆ ನೋಂದಣಿ ಮಾಡುವ ಹಾಗಿಲ್ಲ. ಆದರೆ ಸಹಿ ಹಾಕಿ ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಅದಕ್ಕೇ ಎರಡು ವಾರ ಎಂದದ್ದು. ಮಾತು ಬೆದರಿಕೆಗೋ ಕೈ ಎತ್ತುವುದಕ್ಕೋ ತಿರುಗಿದರೆ ತಾಳ್ಮೆ ಗೀಳ್ಮೆ ಬೇಡ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಗುಡಿ ಇರುವ ಜಾಗದ ಚಿಂತೆ ಅಣ್ಣನಿಗೆ ನಿಜವಾಗಿಯೂ ಇದ್ದರೆ ಅದಕ್ಕೆ ದಾರಿ ಸುಲಭ. ಗುಡಿ ಮತ್ತು ಅದಕ್ಕೆ ನಡೆದು ಹೋಗುವ ದಾರಿ ಇಷ್ಟು ಸೆಂಟ್ಸ್ ಎಂದು ಅಳೆದು ಕುಟುಂಬಕ್ಕೇ ಬಿಡಿ, ಉಳಿದದ್ದನ್ನು ಪಾಲು ಮಾಡಿ. ಈ ಮಾತನ್ನು ನೀವಾಗಿಯೇ ಮುಂದಿಡಿ. ದೈವದ ಜಾಗವನ್ನು ಉಳಿಸುವ ಮಾತು ನಿಮ್ಮ ಬಾಯಿಂದ ಬಂದರೆ ಆ ದೋಷದ ಕಥೆಗೆ ಮತ್ತೆ ಕಾಲು ಇರುವುದಿಲ್ಲ.

ದೇವರನ್ನು ನಂಬಿದವರು ಹಕ್ಕು ಕೇಳಬಾರದು ಎನ್ನುವವರಿಗೆ ನಮ್ಮ ಎಡನೀರನ್ನು ತೋರಿಸಿ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿದರು, 1973ರ ಏಪ್ರಿಲ್ 24ರಂದು ತೀರ್ಪು ಬಂತು, 7 ಜನ ಒಂದು ಕಡೆ 6 ಜನ ಇನ್ನೊಂದು ಕಡೆ. ಮಠ ಜಾಗ ಉಳಿಸಿಕೊಳ್ಳಲು ಹೋಗಿದ್ದು, ಅದು ಆಗಲಿಲ್ಲ, ಆದರೆ ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಮುಟ್ಟುವ ಹಾಗಿಲ್ಲ ಎಂಬ ಮಾತು ಅಲ್ಲಿಂದಲೇ ಬಂತು. ಭೂಸುಧಾರಣೆಯಲ್ಲಿ ಯಾರು ಸರಿ ಎನ್ನುವುದು ಬೇರೆ ವಿಷಯ, ನಮ್ಮ ಮನೆಯ ಚಾವಡಿಯಲ್ಲೇ ಅದಕ್ಕೆ ಎರಡು ಪಕ್ಷ ಇದೆ. ನಾನು ಹೇಳುವುದು ಇಷ್ಟೇ, ಎಲ್ಲ ಬಿಟ್ಟ ಸನ್ಯಾಸಿಯೇ ಕೋರ್ಟಿಗೆ ಹೋದಾಗ ಅವರಿಗೆ ದೇವರ ಮೇಲೆ ನಂಬಿಕೆ ಇಲ್ಲ ಎಂದು ಯಾರಾದರೂ ಹೇಳಿದ್ದು ನಾನು ಕೇಳಿಲ್ಲ. ಆ ಮಾತು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲು. ಕೋಟ್ಟಯಂನ ಮೇರಿ ರಾಯ್ ಅವರದ್ದೂ ಸಹೋದರನ ಜೊತೆಗಿನ ಅಪ್ಪನ ಆಸ್ತಿಯ ಜಗಳವೇ. ಅಲ್ಲಿಯ ಹಳೆಯ ಕಾನೂನಿನಲ್ಲಿ ಉಯಿಲು ಇಲ್ಲದಿದ್ದರೆ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರು ಗೆದ್ದರು, ಅವರಿಗೂ ಎಲ್ಲರೂ ಸುಮ್ಮನಿರು ಎಂದವರೇ.

ಇನ್ನು ಉಳಿದದ್ದು ನಿಮ್ಮ ನಿಜವಾದ ಭಯ. ಅದನ್ನು ನೀವು ಒಂದೇ ಸಾಲಿನಲ್ಲಿ, ಪತ್ರದ ಅಂಚಿನಲ್ಲಿ, ಅಡ್ಡಕ್ಕೆ ಬರೆದಿದ್ದೀರಿ: 'ಅಮ್ಮ ಹೋದ ಮೇಲೆ ನನಗೆ ತವರು ಅಂತ ಇರುತ್ತದಾ?' ಅದನ್ನು ಓದಿ ನಾನು ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟೆ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಅಣ್ಣ ಒಂದೆರಡು ವರ್ಷ ಮಾತು ಬಿಡಬಹುದು. ಅತ್ತಿಗೆ ಫೋನ್ ತೆಗೆಯದಿರಬಹುದು. ಕೋಲಕ್ಕೆ ಹೋದರೆ ಊಟಕ್ಕೆ ಏಳಿ ಎಂದು ಹೇಳುವವರು ಇಲ್ಲದಿರಬಹುದು. ಇದು ಸಣ್ಣ ನೋವಲ್ಲ, ಆಸ್ತಿ ಸಿಕ್ಕಿತಲ್ಲ ಎಂದು ಯಾರೂ ಅದನ್ನು ಸಮಾಧಾನ ಮಾಡಲಾರರು. ಆದರೆ ಸಹಿ ಹಾಕಿದ ಎಷ್ಟೋ ಹೆಂಗಸರೂ ನನ್ನ ಮುಂದೆ ಬಂದು ಕೂತಿದ್ದಾರೆ. ಅವರಿಗೆ ತವರು ಉಳಿದಿದೆಯಾ ಎಂದು ಕೇಳಿದರೆ ಕೆಲವರು ಹೌದು ಎನ್ನುತ್ತಾರೆ, ಕೆಲವರು 'ಸಹಿ ಹಾಕಿದ ವರ್ಷ ಸೀರೆ ಕೊಟ್ಟರು' ಎಂದು ಮಾತು ನಿಲ್ಲಿಸುತ್ತಾರೆ. ಎಲ್ಲ ತಿಳಿದು, ಲೆಕ್ಕ ಗೊತ್ತಿದ್ದು, 'ನನ್ನ ಪಾಲು ಇಷ್ಟು, ಇದನ್ನು ನಾನು ಅಣ್ಣನಿಗೆ ಕೊಡುತ್ತೇನೆ' ಎಂದು ನೀವು ಸಂತೋಷದಿಂದ ಬರೆದುಕೊಟ್ಟರೆ ನನಗೆ ಯಾವ ತಕರಾರೂ ಇಲ್ಲ. ಅದು ದಾನ. ಏನೆಂದು ಗೊತ್ತಿಲ್ಲದೆ ಮಕ್ಕಳಿಗೆ ತಟ್ಟುತ್ತದೆ ಎಂಬ ಹೆದರಿಕೆಯಲ್ಲಿ ಕೊಟ್ಟರೆ ಅದಕ್ಕೆ ಬೇರೆ ಹೆಸರು.

ಅಮ್ಮನ ಹತ್ತಿರ ಒಬ್ಬರೇ ಇರುವಾಗ ಮಾತಾಡಿ. ಅವರಿಗೂ ಅದರಲ್ಲಿ ಒಂದು ಪಾಲಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದಾರಾ ಕೇಳಿ. ಹೇಳಿರಲಿಕ್ಕಿಲ್ಲ. ಅವರೂ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದಾರಾ ಎಂದೂ ಮೆಲ್ಲಗೆ ಕೇಳಿ.

ಪತ್ರದ ಕಾಪಿ ಸಿಕ್ಕಿದ ಕೂಡಲೇ ಪ್ರತಿ ಪುಟದ ಫೋಟೋ ತೆಗೆದಿಡಿ, ಹಿಂದಿನ ಬದಿಯದ್ದೂ. ಕನ್ನಡದಲ್ಲಿ ಓದಿ ಹೇಳುವವರು ಹತ್ತಿರದಲ್ಲಿ ಸಿಗದಿದ್ದರೆ ನನಗೆ ಕಳಿಸಿ. ನನಗೆ ಮಲಯಾಳ ಓದಲು ಬರುತ್ತದೆ, ಸ್ವಲ್ಪ ನಿಧಾನ, ಕೂಡಿಸಿ ಕೂಡಿಸಿ ಓದುತ್ತೇನೆ. ಸಂಜೆ ಆರರ ನಂತರ ಕೂತರೆ ಮುಗಿಸುತ್ತೇನೆ.